ಹೆಣ್ಣು ಕೇಳುವ ಭಾಷಣಕ್ಕೆ ಬಬಕುತುಗಳ ಉತ್ತರ

ಇಡೀ ಮಡಗಾಸ್ಕರಿನಲ್ಲಿ ಬೆಜೂಕಿಯಷ್ಟು ಉದ್ದಕ್ಕೆ ಮಾತಾಡುವ ಗಂಡಸು ಇನ್ನೊಬ್ಬನಿದ್ದರೆ, ಅವನ ಹೆಂಡತಿಯನ್ನು ದೇವರೇ ಕಾಪಾಡಬೇಕು. ಹೆಣ್ಣು ಕೇಳಲು ಬಂದವನು ಮೊದಲು ಕ್ಷಮೆ ಕೇಳಬೇಕು, ಸರಿ, ಅದು ಪದ್ಧತಿ. ಹಿರಿಯರಿಗಿಂತ ಮುಂಚೆ ಬಾಯಿ ತೆರೆದದ್ದಕ್ಕೆ ಕ್ಷಮೆ, ಎದ್ದು ನಿಂತದ್ದಕ್ಕೆ ಕ್ಷಮೆ, ಬೇರೆಯವರ ಅಂಗಳ ತುಳಿದದ್ದಕ್ಕೆ ಕ್ಷಮೆ. ಆದರೆ ಈ ಮಹಾರಾಯ ಸತ್ತವರ ಕ್ಷಮೆಯನ್ನೆಲ್ಲ ಕೇಳಿ ಮುಗಿಸಿ ಬದುಕಿರುವವರ ಕಡೆ ತಿರುಗುವಷ್ಟರಲ್ಲಿ ನನ್ನ ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು.

ಅವನು ಬಂದದ್ದು ತನ್ನ ತಮ್ಮನ ಮಗ ತುಂಬುಸುವನಿಗೆ ನಮ್ಮ ಸರಫಾರಳನ್ನು ಕೇಳಲು. ಸರಫಾರ ನನ್ನ ತಮ್ಮ ಲೆಜೂಮನ ಮಗಳು. ತಾಯಿ ಇಲ್ಲದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆ ನೆಟ್ಟವಳು ನಾನು. ಹುಡುಗನ ಮೇಲೆ ನನಗೇನೂ ದೂರಿಲ್ಲ. ಸಮುದ್ರದ ಕಡೆಯಿಂದ ಶುಂಠಿ ಕೀಳುವ ಕೆಲಸಕ್ಕೆ ಬಂದವನು, ನಮ್ಮ ಹುಡುಗಿಯನ್ನು ನೋಡಿದ ಮೇಲೆ ಕಳೆಗೂ ಶುಂಠಿಗೂ ವ್ಯತ್ಯಾಸ ಮರೆತುಬಿಟ್ಟ. ಪಾಪದವನು. ನಮ್ಮ ಮನೆಗೇ ಬಂದು ಇರುತ್ತೇನೆ ಎಂದೂ ಒಪ್ಪಿದ್ದ.

ಅಲ್ಲೇ ಎಡವಟ್ಟಾದದ್ದು. ಅವರ ಕಡೆ ಮನೆಅಳಿಯ ಎಂದರೆ ನಾಯಿಗೂ ಸದರ. ಅದಕ್ಕೆ ಬೆಜೂಕಿ ಮುಂಚೆಯೇ ಹೇಳಿ ಕಳಿಸಿದ್ದ: ಮನೆ ಹಿಂದಿನ ಗುಡ್ಡದ ಕಾಡನ್ನು ಹುಡುಗನಿಗೆ ಬಿಟ್ಟುಕೊಡಿ, ಕಡಿದು ಸುಟ್ಟು ಭತ್ತ ಬಿತ್ತಲಿ, ಆಗ ಅವನದೂ ಅಂತ ನೆಲ ಇರುತ್ತದೆ.

"ಆ ಗುಡ್ಡ ಕೊಡ್ತೀಯೇನೋ?" ಎಂದು ತಮ್ಮನನ್ನು ಹಿಡಿದು ಕೇಳಿದ್ದೆ.

"ಕೊಡ್ದೆ ಏನ್ ಮಾಡ್ಲಿ ಅಕ್ಕಾ? ಇಲ್ಲಾಂದ್ರೆ ಹುಡುಗೀನೇ ಸಮುದ್ರದ ಕಡೆ ಕರ್ಕೊಂಡು ಹೋಗ್ತಾರಂತೆ. ನೀನು ಅವಳನ್ನ ಬಿಟ್ಟಿರ್ತೀಯಾ?"

ಬಿಟ್ಟಿರಲಾರೆ, ಅದು ಸತ್ಯ. ಆದರೆ ಆ ಗುಡ್ಡದಲ್ಲಿ ಬಬಕುತುಗಳಿವೆ. ಹೊರಗಿನವರು ಲೆಮೂರ್ ಎನ್ನುತ್ತಾರೆ, ಅನ್ನಲಿ. ನಮಗೆ ಅವು ಹಿರಿಯರು. ಜೇನು ಕೀಳಲು ಹತ್ತಿ ಕೈಜಾರಿದ ನಮ್ಮ ಮುತ್ತಾತನನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದು ಅವೇ. ಕಪ್ಪು ಬಿಳುಪು ಮೈ, ಬಾಲವೇ ಇಲ್ಲ, ಕಾಂಡವನ್ನು ತಬ್ಬಿ ಕೂತು ಹಳದಿ ಕಣ್ಣಿನಿಂದ ದಿಟ್ಟಿಸಿದರೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕು ಅನ್ನಿಸುತ್ತದೆ. ನಾನು ಚಿಕ್ಕವಳಿದ್ದಾಗ ಸುತ್ತಲ ಗುಡ್ಡಗಳಿಂದೆಲ್ಲ ಅವುಗಳ ಕೂಗು ಬರುತ್ತಿತ್ತು. ಈಗ ಉಳಿದಿರುವುದು ನಮ್ಮ ಗುಡ್ಡದ ಒಂದೇ ಸಂಸಾರ. ಅವು ಕೂಗುವಾಗ ನಮ್ಮ ಊರಿನಲ್ಲಿ ಯಾರೂ ಮಾತಾಡುವಂತಿಲ್ಲ. ಹಿರಿಯರು ಮಾತಾಡುವಾಗ ಕಿರಿಯರಿಗೇನು ಕೆಲಸ?

ಅಂಗಳದಲ್ಲಿ ಬೆಜೂಕಿ ಕ್ಷಮೆ ಮುಗಿಸಿ ಎದೆಯುಬ್ಬಿಸಿದ. ಕತ್ತು ಮೇಲೆತ್ತಿ, "ಓಓಓ ಈ ಮನೆಯ ಹಿರಿಯರೇ!" ಎಂದು ರಾಗ ಎಳೆದ. ಅಬ್ಬಾ, ಆ ಗಂಟಲೇ!

ಗುಡ್ಡದ ಮೇಲಿನಿಂದ ಉತ್ತರ ಬಂತು. ಮೊದಲು ಒಂದು ಗರ್ಜನೆ, ಆಮೇಲೆ ಎಳೆದೆಳೆದು ಕೂಗು, ಹೆಣ್ಣು ಎತ್ತಿಕೊಟ್ಟದ್ದನ್ನು ಗಂಡು ಮುಂದುವರಿಸಿ, ಮರಿಯೂ ನಡುವೆ ಮೂಗು ತೂರಿಸಿ. ನಾವೆಲ್ಲ ತಲೆ ತಗ್ಗಿಸಿ ಕೂತೆವು. ಬೆಜೂಕಿಗೆ ಏನು ಗೊತ್ತು? ಇನ್ನೂ ಜೋರಾಗಿ ಶುರು ಮಾಡಿದ. ಲೆಜೂಮ ಅವನ ಅಂಗಿ ಹಿಡಿದು ಎಳೆದು ಕೂರಿಸಿದ. ಕೂಗು ನಿಂತ ಮೇಲೆ ನಮ್ಮ ನಿಯಮ ಹೇಳಿದೆವು. ಅವನು ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದ, ಎದ್ದ, ಮತ್ತೆ "ಓಓಓ" ಎಂದ. ಮತ್ತೆ ಗುಡ್ಡ ಎದ್ದು ಕೂಗಿತು.

"ಯಜಮಾನ್ರೇ, ಸ್ವಲ್ಪ ಮೆತ್ತಗೆ ಮಾತಾಡಿ," ಎಂದೆ. "ಬೇರೆ ಗುಡ್ಡದ ಗಂಡು ಜಾಗ ಕೇಳೋಕೆ ಬಂದಿದೆ ಅನ್ಕೊಂಡಿದಾರೆ ಅವ್ರು."

"ಮೆತ್ತಗಾ? ಹೆಣ್ಣು ಕೇಳೋಕೆ ಬಂದಿದೀನಮ್ಮಾ, ಕದಿಯೋಕಲ್ಲ!"

ಸರಫಾರ ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಆದರೆ ಬಿಸಿಲು ನೋಡಿದೆ, ಹೊತ್ತು ಏರಿಬಿಟ್ಟಿತ್ತು. ಹೆಣ್ಣು ಕೊಡುವ ಮಾತು ಸೂರ್ಯ ಏರುತ್ತಿರುವಾಗಲೇ ಮುಗಿಯಬೇಕು. ಅವನು ಪಡುವಣಕ್ಕೆ ವಾಲಿದರೆ ಬಂದವರು ಎದ್ದು ಹೋಗಬೇಕು. ಸಮುದ್ರದ ಕಡೆಯವರು ಒಮ್ಮೆ ಬರಿಗೈಯಲ್ಲಿ ಹೋದರೆ ತಿರುಗಿ ಬರುವುದು ಸುಳ್ಳು. ಬೆಜೂಕಿ ಮಾತ್ರ ಮೆತ್ತಗಾಗಲು ಒಲ್ಲ. ಅವನು ರಾಗ ಎಳೆಯುವುದು, ಅವು ಉತ್ತರ ಕೊಡುವುದು, ನಾವು ತಲೆ ತಗ್ಗಿಸುವುದು. ಅಂಗಳದ ನೆರಳುಗಳೆಲ್ಲ ಕಾಲಬುಡಕ್ಕೆ ಬಂದವು. ಸರಫಾರಳ ನಗು ನಿಂತು ಕಣ್ಣು ತುಂಬಿಕೊಂಡಿತು.

ಕೂಗು ನಿಂತ ಒಂದು ಗಳಿಗೆಯಲ್ಲಿ ಬೆಜೂಕಿ ನೀರು ಕುಡಿಯಲು ಬಗ್ಗಿದ. ಆಗ ತುಂಬುಸುವ ಎದ್ದು ನಿಂತ. ಹುಡುಗ ಎದ್ದು ನಿಲ್ಲುವುದೇ! ತನ್ನ ಹೆಣ್ಣು ಕೇಳುವ ಮಾತಿನಲ್ಲಿ ಗಂಡು ಕೆಮ್ಮುವಂತೆಯೂ ಇಲ್ಲ.

"ಗುಡ್ಡ ಬೇಡ," ಎಂದ ಮೆಲ್ಲಗೆ. "ಸರಫಾರನ್ನ ಕೊಡಿ. ನಾನು ಇಲ್ಲೇ ಇರ್ತೀನಿ."

"ಕೂತ್ಕೊಳೋ ಕತ್ತೆ!" ಬೆಜೂಕಿಗೆ ನೀರು ನೆತ್ತಿಗೇರಿತು. "ಬರಿಗೈಲಿ ಮನೆಅಳಿಯ ಆಗ್ತೀಯಾ? ನಾನು ಊರಲ್ಲಿ ಮುಖ ಹೆಂಗೆ ತೋರಿಸ್ಲಿ?"

"ಬರಿಗೈ ಯಾಕೆ?" ಎಂದುಬಿಟ್ಟೆ. "ಕೆಳಗಿನ ಗದ್ದೆ ನಂದು. ಅದನ್ನ ಇವನ ಹೆಸರಿಗೆ ಬಿಡ್ತೀನಿ."

ಬಾಯಿಂದ ಬಿದ್ದ ಮೇಲೆ ನನಗೇ ಗಾಬರಿಯಾಯಿತು. ಆ ಗದ್ದೆ ಬಿಟ್ಟರೆ ನನ್ನದೆನ್ನುವುದು ಒಂದು ಗುದ್ದಲಿ, ಒಂದು ಕೋಳಿ. ಲೆಜೂಮ ನನ್ನ ಮುಖ ನೋಡಿದ. ನಾನು ಹುಬ್ಬು ಗಂಟಿಕ್ಕಿ, ಹೇಳೋ ಬೇಗ, ಎಂದು ಸನ್ನೆ ಮಾಡಿದೆ.

"ಕೊಟ್ಟೆ," ಎಂದ ಅವನು.

ಬೆಜೂಕಿ ಒಪ್ಪುವ ಆಸಾಮಿಯೇ? ಕೈಯೆತ್ತಿ, ಎದೆಯುಬ್ಬಿಸಿ, ಆಕ್ಷೇಪಣೆಯನ್ನೂ ರಾಗವಾಗಿಯೇ ಶುರು ಮಾಡಿದ. "ಓಓಓ!" ಗುಡ್ಡದವರು ಬಿಡುತ್ತಾರೆಯೇ? ಅಲ್ಲಿಯತನಕ ಇಟ್ಟುಕೊಂಡಿದ್ದ ಉಸಿರನ್ನೆಲ್ಲ ಹಾಕಿ ಕೂಗಿದರು. ಎಲ್ಲರ ತಲೆ ತಗ್ಗಿತು. ಈ ಸಲ ಅವನ ಕಡೆಯವರದೂ ತಗ್ಗಿತು. ಪಾಪ, ಬೆಜೂಕಿ ತೆರೆದ ಬಾಯಿ ತೆರೆದಂತೆಯೇ ಇಟ್ಟುಕೊಂಡು ನಿಂತಿದ್ದ. ಕೂಗು ಮುಗಿದಾಗ ಸೂರ್ಯ ನೆತ್ತಿ ದಾಟಿದ್ದ. ಏರುಬಿಸಿಲಿನಲ್ಲಿ ಆಡಿದ ಕೊನೆಯ ಮಾತು "ಕೊಟ್ಟೆ" ಎಂಬುದೇ. ಅದನ್ನು ಇನ್ನು ಯಾರೂ ತಿದ್ದುವಂತಿರಲಿಲ್ಲ.

ಊಟಕ್ಕೆ ಕೂತಾಗ ಬಡಿಸುತ್ತ ತುಂಬುಸುವನ ಪಕ್ಕ ನಿಂತೆ.

"ಅಲ್ವೋ, ಅಷ್ಟು ದೊಡ್ಡ ಗುಡ್ಡ ಬೇಡ ಅಂದ್ಯಲ್ಲ. ಹುಚ್ಚೇನೋ ನಿಂಗೆ?"

ಅವನು ಎಲೆಯ ಮೇಲಿನ ಅನ್ನ ಕಲಸುತ್ತ ಹೇಳಿದ, "ನಮ್ಮೂರ ಗುಡ್ಡದಲ್ಲೂ ಇದ್ರಂತೆ ಅತ್ತೆ, ಈ ಹಿರಿಯರು. ತಾತ ಒಂದು ಕಡೆ ಸುಟ್ಟ, ದೊಡ್ಡಪ್ಪ ಇನ್ನೊಂದು ಕಡೆ. ನಾನು ಹುಟ್ಟೋ ಹೊತ್ತಿಗೆ ಬರೀ ಹುಲ್ಲು. ಈಗ ದೊಡ್ಡಪ್ಪ ಬೆಳಿಗ್ಗೆ ಶುರು ಮಾಡಿದ್ರೆ ಸಂಜೆವರೆಗೂ ಮಾತಾಡ್ತಾನೆ. ಬಾಯ್ಮುಚ್ಚೋ ಅನ್ನೋಕೆ ಅವನಿಗಿಂತ ದೊಡ್ಡವರು ನಮ್ಮಲ್ಲಿ ಯಾರೂ ಉಳಿದಿಲ್ಲ."

ಅವನು ಸಾಕು ಸಾಕು ಎನ್ನುತ್ತಿದ್ದರೂ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.