ಗುಲೇದ್ ಮೇಷ್ಟ್ರ ಪರವಾನಗಿ

ಲದಾನ್‌ಗೆ ಭಿನ್ನರಾಶಿ ಕಲಿಸಿದ್ದು ಗುಲೇದ್ ಮೇಷ್ಟ್ರೇ. ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಟಾರ್ಪಾಲಿನ ಕೆಳಗೆ ನೂರಾ ಹತ್ತು ಮಕ್ಕಳನ್ನು ಕೂರಿಸಿಕೊಂಡು, ಒಂದೇ ಒಂದು ಅಂಜೇರೊ ರೊಟ್ಟಿಯನ್ನು ಎಂಟು ತುಂಡು ಮಾಡಿ, "ಮೂರು ನಿಂಗೆ, ಒಂದು ನಿನ್ನ ತಮ್ಮಂಗೆ. ಇದ್ಯಾವ ಸೀಮೆ ನ್ಯಾಯಾನೇ?" ಎಂದು ಅವಳನ್ನೇ ಕೇಳಿದ್ದರು. ಅವಳು ಅಳುಮುಖ ಮಾಡಿದಾಗ ಇಡೀ ತರಗತಿ ನಕ್ಕಿತ್ತು.

ಇಪ್ಪತ್ತೆರಡು ವರ್ಷಗಳ ಮೇಲೆ ಮಿನಿಯಾಪೊಲಿಸ್‌ನಲ್ಲಿ ಇಬ್ಬರೂ ಒಂದೇ ಶಾಲೆಗೆ ಬಂದು ಸೇರಿದರು. ಸರ್ಕಾರದ ಅನುದಾನದಲ್ಲಿ ಸೊಮಾಲಿ ಜನರೇ ಮುಂದೆ ನಿಂತು ಕಟ್ಟಿದ ಚಾರ್ಟರ್ ಶಾಲೆ ಅದು. ಲದಾನ್ ಕಚೇರಿಯಲ್ಲಿ ಸಿಬ್ಬಂದಿಯ ಕಡತಗಳನ್ನು ನೋಡಿಕೊಳ್ಳುತ್ತಿದ್ದಳು. ಯಾರ ಪರವಾನಗಿ ಯಾವಾಗ ಮುಗಿಯುತ್ತದೆ, ಯಾರು ಯಾವ ವಿಷಯ ಕಲಿಸಬಹುದು ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಮೇಷ್ಟ್ರು ಆರನೇ ತರಗತಿಯಲ್ಲಿ ಸಹಾಯಕರಾಗಿದ್ದರು. ಪಾಠ ಮಾಡುವವರಿಗೆ ಪರವಾನಗಿ ಬೇಕು, ಸಹಾಯಕರಿಗೆ ಬೇಡ. ಮೊಗದಿಶುವಿನಲ್ಲಿ ಅವರು ಪಡೆದ ಪದವಿಯ ಕಾಗದ ಯುದ್ಧದಲ್ಲಿ ಮನೆಯ ಜೊತೆಗೇ ಸುಟ್ಟುಹೋಗಿತ್ತು. ಹಾಗಾಗಿ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಇಲ್ಲಿ ಮಕ್ಕಳ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದರು.

ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಗಣಿತದ ಶಿಕ್ಷಕಿ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೋದಳು. ಬೇರೆ ಯಾರೂ ಸಿಗಲಿಲ್ಲ. ನಿರ್ದೇಶಕಿ ಸಿಗ್ರಿಡ್ ಹಾಲ್ವರ್ಸನ್, "ಸದ್ಯಕ್ಕೆ ಗುಲೇದ್ ನೋಡ್ಕೊಳ್ಳಲಿ" ಎಂದರು. ಸದ್ಯಕ್ಕೆ ಎಂದದ್ದು ಮೂರು ವಾರವಾಯಿತು. ಅಷ್ಟರಲ್ಲಿ ಆರನೇ ತರಗತಿಯ ಮಕ್ಕಳು ಊಟದ ಹೊತ್ತಿನಲ್ಲೂ ಬಾಗಿಲ ಬಳಿ ನಿಂತು "ಮೇಷ್ಟ್ರೇ, ಇನ್ನೊಂದು ಲೆಕ್ಕ" ಎನ್ನತೊಡಗಿದ್ದವು.

ಶರತ್ಕಾಲದ ವರದಿಯನ್ನು ನವೆಂಬರ್ ಹದಿನೈದರೊಳಗೆ ರಾಜ್ಯಕ್ಕೆ ಕಳಿಸಬೇಕಿತ್ತು. ಯಾವ ತರಗತಿಗೆ ಯಾರು, ಅವರ ಪರವಾನಗಿ ಸಂಖ್ಯೆ ಎಷ್ಟು ಎಂದು ತುಂಬಬೇಕು. ತಿಂಗಳ ಕೊನೆಯಲ್ಲಿ ಮೇಷ್ಟ್ರು ಕಚೇರಿಗೆ ಬಂದು, ಕೈಯಲ್ಲಿದ್ದ ಟೋಪಿಯನ್ನು ತಿರುವುತ್ತ ನಿಂತರು.

"ಮಗಳೇ, ಒಂದು ಮಾತು. ನಂಜೊತೆ ಓದಿದವರು ಇಬ್ಬರು ಪ್ರಮಾಣ ಮಾಡಿ ಬರ್ಕೊಟ್ರೆ ನನ್ನ ಪದವೀನ ಒಪ್ಕೊಳ್ತಾರಂತೆ. ನೈರೋಬಿಯಿಂದ ಒಂದು ಕಾಗದ ಬಂದಿದೆ. ಇನ್ನೊಬ್ಬ ಟೊರಾಂಟೊದಲ್ಲಿದ್ದಾನೆ, ಆಸ್ಪತ್ರೆಯಿಂದ ಬಂದ ಕೂಡ್ಲೆ ಬರೆದು ಕಳಿಸ್ತೀನಿ ಅಂದಿದ್ದಾನೆ. ವರದಿ ಕಳಿಸೋಕೆ ಇನ್ನೂ ಎರಡು ವಾರ ಇದೆಯಲ್ಲ?"

"ಇದೆ ಮೇಷ್ಟ್ರೇ."

"ಕೊನೇ ದಿನದವರೆಗೆ ತಡೀತೀಯಾ? ಅಷ್ಟರಲ್ಲಿ ತಾತ್ಕಾಲಿಕ ಅನುಮತಿಗೆ ಅರ್ಜಿ ಹಾಕಬಹುದು."

"ಆಗ್ಲಿ, ನೋಡ್ತೀನಿ" ಎಂದಳು ಲದಾನ್.

ಅವತ್ತೇ ಮಧ್ಯಾಹ್ನ ಸಿಗ್ರಿಡ್ ಅವಳ ಮೇಜಿನ ಬಳಿ ಬಂದರು. ಕೆಟ್ಟವರಲ್ಲ ಅವರು, ಹಿಂದಿನ ವರ್ಷ ಕಡತದಲ್ಲಿ ಒಂದು ತಪ್ಪು ಸಿಕ್ಕಿ ಶಾಲೆ ವಿವರಣೆ ಕೊಡಬೇಕಾಗಿ ಬಂದ ಮೇಲೆ ಗಾಬರಿಗೊಂಡಿದ್ದರು.

"ಲದಾನ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮವರು ಅಂತ ಬಂದಾಗ ನೀವು ಸ್ವಲ್ಪ ಸಡಿಲ ಬಿಡ್ತೀರಿ ಅಂತ ಆಡಳಿತ ಮಂಡಳೀಲಿ ಮಾತಿದೆ."

ಆ ಮಾತು ಅವಳಿಗೆ ಚುಚ್ಚಿತು. ಸಡಿಲವೇ? ಮಂಡಳಿಯ ಸದಸ್ಯರ ಸೊಸೆಯ ಪರವಾನಗಿಯನ್ನೇ ಎರಡು ಸಲ ಹಿಂದಕ್ಕೆ ಕಳಿಸಿದವಳು ಅವಳು. ಮರುದಿನ ಬೆಳಿಗ್ಗೆ ಬಂದವಳೇ ವರದಿ ತೆರೆದು, ಆರನೇ ತರಗತಿ, ಗಣಿತ, ಗುಲೇದ್ ಎಂದು ತುಂಬಿದಳು. ಪರವಾನಗಿಯ ಜಾಗದಲ್ಲಿ 'ಇಲ್ಲ' ಎಂದು ಬರೆದಳು. ಕಳಿಸಿದಳು. ಗಡುವಿಗೆ ಇನ್ನೂ ಹದಿನಾಲ್ಕು ದಿನಗಳಿದ್ದವು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ; ಅದೇ ಧೈರ್ಯದಲ್ಲಿ ಅವತ್ತು ಹೊಟ್ಟೆತುಂಬ ಊಟ ಮಾಡಿದಳು.

ನಾಲ್ಕನೇ ದಿನ ಉತ್ತರ ಬಂತು: ಪರವಾನಗಿ ಇಲ್ಲದವರು ತರಗತಿ ನಡೆಸುವುದನ್ನು ತಕ್ಷಣ ನಿಲ್ಲಿಸಬೇಕು. ಸಿಗ್ರಿಡ್ ಹೇಗೋ ಒಬ್ಬ ಬದಲಿ ಶಿಕ್ಷಕನನ್ನು ಗೊತ್ತುಮಾಡಿದರು, ಈಗಷ್ಟೇ ಕಾಲೇಜು ಮುಗಿಸಿದ ಹುಡುಗ. ಪತ್ರವನ್ನು ಲದಾನ್ ಕೈಗೆ ಕೊಟ್ಟು, "ನೀವೇ ಕೊಟ್ಬಿಡಿ, ನಿಮ್ಮ ಭಾಷೇಲಿ ಹೇಳಿದ್ರೆ ಚೆನ್ನಾಗಿರತ್ತೆ" ಎಂದರು.

ಗಂಟೆ ಹೊಡೆಯಲು ಹದಿನೈದು ನಿಮಿಷವಿತ್ತು. ಕಾಯಬಹುದಿತ್ತು. ಕಾದರೆ ಧೈರ್ಯ ಉಳಿಯುವುದಿಲ್ಲ ಎಂದು ಅವಳಿಗೆ ಹೆದರಿಕೆ. ಬಾಗಿಲು ತಟ್ಟಿ ಒಳಗೆ ಹೋದಳು, ಹಿಂದೆಯೇ ಆ ಹುಡುಗ. ಮೇಷ್ಟ್ರು ಹಲಗೆಯ ಮೇಲೆ ಅರ್ಧ ಲೆಕ್ಕ ಬರೆದಿದ್ದರು. "ಪರವಾನಗಿ ಇಲ್ಲದವರು ಪಾಠ ಮಾಡಬಾರದಂತೆ ಮೇಷ್ಟ್ರೇ" ಎಂದು ಲದಾನ್ ಪತ್ರ ಕೊಟ್ಟಳು. ಪತ್ರ ಓದಿದರು. ಮತ್ತೊಮ್ಮೆ ಓದಿದರು. ನಂತರ ಆ ಹುಡುಗನ ಕಡೆ ತಿರುಗಿ, "ಇಲ್ಲೀವರೆಗೆ ಆಗಿದೆ. ಛೇದ ಸಮ ಮಾಡೋದು ಬಾಕಿ" ಎಂದು ಹೇಳಿ ಪೆನ್ನು ಕೊಟ್ಟರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮೇಷ್ಟ್ರೇ, ನೀವು ನಿಜವಾದ ಮೇಷ್ಟ್ರಲ್ವಾ?"

ಮೇಷ್ಟ್ರು ಟೋಪಿ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಲದಾನ್ ಏನಾದರೂ ಹೇಳಬಹುದಿತ್ತು. ಅವಳು ಬಾಗಿಲು ಹಿಡಿದು ಅವರಿಗೆ ದಾರಿ ಬಿಟ್ಟಳು.

ಟೊರಾಂಟೊದ ಕಾಗದ ಹದಿನಾಲ್ಕನೇ ತಾರೀಕು ಬಂತು, ಗಡುವಿಗೆ ಒಂದು ದಿನ ಮೊದಲು. ಅಷ್ಟರಲ್ಲಿ ಮೇಷ್ಟ್ರು ಸಹಾಯಕನ ಕೆಲಸಕ್ಕೂ ರಾಜೀನಾಮೆ ಕೊಟ್ಟು, ವಿಮಾನ ನಿಲ್ದಾಣದಲ್ಲಿ ಮುದುಕರ ಗಾಲಿಕುರ್ಚಿ ತಳ್ಳುವ ಕೆಲಸಕ್ಕೆ ಸೇರಿದ್ದರು. ಆದರೂ ಲದಾನ್ ಬಿಡಲಿಲ್ಲ. ಎರಡೂ ಕಾಗದ ಇಟ್ಟು ಅರ್ಜಿ ಹಾಕಿದಳು, ದಿನ ಬಿಟ್ಟು ದಿನ ಫೋನ್ ಮಾಡಿದಳು. ಜನವರಿಯಲ್ಲಿ ಅನುಮತಿ ಬಂದಾಗ ಸಿಗ್ರಿಡ್‌ರ ಕಣ್ಣು ಕೂಡ ಒದ್ದೆಯಾಯಿತು. "ಕರ್ಕೊಂಡು ಬನ್ನಿ ಅವರನ್ನ. ಆ ಹುಡುಗನ ಕೈಲಿ ಮಕ್ಕಳನ್ನ ಹಿಡಿಯೋಕಾಗ್ತಿಲ್ಲ."

ಭಾನುವಾರ ಅವಳು ಹಿಮದಲ್ಲಿ ಜಾರುತ್ತ ಅವರ ಮನೆಗೆ ಹೋದಳು. ಮೇಷ್ಟ್ರ ಹೆಂಡತಿ ಅವೋ ಬಾಗಿಲು ತೆಗೆದವರೇ, "ಬಂದ್ಯಾ ತಾಯಿ? ದೊಡ್ಡ ಆಫೀಸರಮ್ಮನಿಗೆ ನಮ್ಮ ಮನೆ ದಾರಿ ಗೊತ್ತಿತ್ತಾ?" ಎಂದರು. ಮಾತು ಖಾರವಾಗಿತ್ತು, ಚಹಾಕ್ಕೆ ಮಾತ್ರ ಏಲಕ್ಕಿ ಧಾರಾಳವಾಗಿ ಬಿತ್ತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅನುಮತಿ ಪತ್ರ ಓದಿದರು. "ಹೆಸರು ಸರಿಯಾಗಿ ಬರ್ದಿದ್ದಾರೆ" ಎಂದು ಮಡಚಿ ಅವಳಿಗೇ ವಾಪಸು ಕೊಟ್ಟರು.

"ಬನ್ನಿ ಮೇಷ್ಟ್ರೇ. ಮಕ್ಕಳು ಕಾಯ್ತಿದ್ದಾರೆ."

"ಇಲ್ಲ ಕಣೇ. ಕಾಗದ ಕೇಳಿದ್ದು ತಪ್ಪಲ್ಲ, ನಿಯಮ ಇದ್ದೇ ಇರತ್ತೆ. ಆದ್ರೆ ಆ ಮಗು ನನ್ನ ಮುಖ ನೋಡಿ ಕೇಳ್ತಲ್ಲ, ಆಮೇಲೆ ಅದೇ ಹಲಗೆ ಮುಂದೆ ನಿಂತ್ಕೊಳ್ಳೋಕೆ ನಂಗೆ ಮನಸ್ಸಿಲ್ಲ." ಕನ್ನಡಕ ತೆಗೆದಿಟ್ಟು ಕೇಳಿದರು: "ಕಾಯ್ತೀನಿ ಅಂದಿದ್ದೆ ನೀನು, ಅಲ್ವಾ?"

"ನೋಡ್ತೀನಿ ಅಂದಿದ್ದೆ" ಎಂದಳು ಲದಾನ್. ಆಡಿದ ಮರುಕ್ಷಣವೇ ತನ್ನ ಮಾತು ತನಗೇ ಹೇಸಿಗೆ ಎನಿಸಿತು.

"ಹೌದು, ಹಾಗೇ ಅಂದಿದ್ದೆ" ಎಂದರು ಮೇಷ್ಟ್ರು, ತಪ್ಪು ತಮ್ಮದೇ ಎಂಬಂತೆ. ಆಮೇಲೆ ಅವಳ ಮಕ್ಕಳ ಓದಿನ ಬಗ್ಗೆ ವಿಚಾರಿಸಿದರು. ಅವೋ ಸಮೋಸ ಕಟ್ಟಿಕೊಟ್ಟರು.

ವಸಂತದಲ್ಲಿ ಮೇಷ್ಟ್ರು ಮಗಳಿರುವ ಕೊಲಂಬಸ್ ನಗರಕ್ಕೆ ಹೊರಟುಹೋದರು. ಅಲ್ಲಿನ ಮಸೀದಿಯ ನೆಲಮಾಳಿಗೆಯಲ್ಲಿ ಶನಿವಾರ ಗಣಿತ ಹೇಳಿಕೊಡುತ್ತಾರಂತೆ, ನಲವತ್ತು ಮಕ್ಕಳು ಬರುತ್ತಾರಂತೆ, ಅಲ್ಲಿ ಯಾರೂ ಅವರನ್ನು ಕಾಗದ ಕೇಳುವುದಿಲ್ಲವಂತೆ. ಅಂಗಡಿಯಲ್ಲಿ ಸಿಕ್ಕ ಪರಿಚಯದವಳು ಇದನ್ನೆಲ್ಲ ಹೇಳಿದಾಗ ಲದಾನ್‌ಗೆ ಖುಷಿಯೇ ಆಯಿತು. ಅವರ ಹೊಸ ನಂಬರನ್ನೂ ಬರೆದುಕೊಂಡಳು. ಕಾರಿನಲ್ಲಿ ಕೂತು ಎರಡು ಸಲ ಒತ್ತಿ, ಎರಡು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದಳು. 'ಕ್ಷಮಿಸಿ ಮೇಷ್ಟ್ರೇ' ಎನ್ನಬೇಕಿತ್ತು, ಅಷ್ಟೆ. ಆ ಭಾನುವಾರ ಅವರ ಮನೆಯಲ್ಲಿ ಒಂದು ಗಂಟೆ ಕೂತಿದ್ದೂ ಅದೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿ ಬಂದಿದ್ದಳು.