ನನ್ನ ನೀರಿನಲ್ಲಿ ಹುಳು ಇರಲಿಲ್ಲ

ನಾನು ಒಂದು ಕೈಪಂಪು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ತಗಡನ್ನು ಕತ್ತರಿಸಿ, ಬೆಸೆದು, ಕರಗಿದ ಸತುವಿನಲ್ಲಿ ಮುಳುಗಿಸಿ ಎತ್ತಿದಾಗ ನಾನು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದೆ. ಬೆಸುಗೆ ನೋಡುತ್ತಿದ್ದ ಹೆಂಗಸೊಬ್ಬಳು ನನ್ನ ಹಿಡಿಕೆಯ ತುದಿಯಲ್ಲಿ ಚೂಪಾದ ಅಂಚೊಂದನ್ನು ಕಂಡು, ಅರ ತಂದು ಉಜ್ಜಿ ನುಣುಪು ಮಾಡಿದಳು. ಅದು ಅವಳ ಕೆಲಸವಾಗಿರಲಿಲ್ಲ. “ಯಾರ ಕೈಯೋ ಏನೋ” ಎಂದಳು. ಆ ಕೈಗಳನ್ನು ಅವಳು ಯಾವತ್ತೂ ನೋಡಲಿಲ್ಲ. ನಾನು ನೋಡಿದೆ.

ನನ್ನನ್ನು ತಂದು ಇಳಿಸಿದ್ದು ಕರಿಕಲ್ಲೂರು ಎಂಬ ಹಳ್ಳಿಯಲ್ಲಿ, ಶಾಲೆಯ ಎದುರಿಗೆ. ನೆಲದ ಕೆಳಗೆ ಒಂದು ಮಾರು ಅಗೆದರೆ ಬಂಡೆ. ಬೋರ್ ಲಾರಿ ಎರಡು ದಿನ ಆ ಬಂಡೆಯನ್ನು ಕೊರೆಯಿತು. ಬಿಳಿಯ ಪುಡಿ ಎದ್ದು ಮಕ್ಕಳ ತಲೆಗಳೆಲ್ಲ ಮುದುಕರ ತಲೆಗಳಂತಾದವು. ಇನ್ನೂರು ಅಡಿಯ ಆಳದಲ್ಲಿ ನೀರು ಸಿಕ್ಕಿತು. ನನ್ನನ್ನು ಅದರ ಮೇಲೆ ನೆಟ್ಟು ಹಿಡಿಕೆ ಒತ್ತಿದರು. ಆಗ ಗುಂಪಿನಿಂದ ಒಬ್ಬ ಹೆಂಗಸು ಕುಂಟುತ್ತ ಮುಂದೆ ಬಂದು, ನನ್ನ ಬಾಯಿಂದ ಬಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ಬಹಳ ಹೊತ್ತು ನೋಡಿದಳು.

“ಹುಳ ಇಲ್ಲ” ಎಂದಳು. “ಒಂದೂ ಇಲ್ಲ.” ಆಮೇಲೆ ಅತ್ತಳು.

ಅವಳು ಹಂಪವ್ವ. ಆ ಊರಿನವರು ಅಲ್ಲಿಯವರೆಗೆ ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುತ್ತಿದ್ದರು. ಆ ನೀರಿನಿಂದ ನಾರುಹುಣ್ಣು ಬರುತ್ತಿತ್ತು. ಕುಡಿದ ಹುಳು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ, ದಾರದ ಹಾಗೆ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ನಡುವೆ ಹರಿದರೆ ಕಾಲು ಕೊಳೆಯುತ್ತದೆ. ಹಂಪವ್ವನ ಅಕ್ಕ ಹಾಗೆ ಕೊಳೆತೇ ಸತ್ತಿದ್ದಳು. ಹಂಪವ್ವನ ಕಾಲಿನಲ್ಲಿ ಮೂರು ಕಲೆಗಳಿದ್ದವು.

ನನ್ನನ್ನು ಕಂಡುಹಿಡಿದವರು ಈ ಸಂಕಟವನ್ನು ನೋಡಿಯೇ ಕಂಡುಹಿಡಿದದ್ದು. ಅವರು ಕೆಟ್ಟವರಲ್ಲ. ನೀರಿನಲ್ಲಿ ಹುಳು ಇದೆಯೇ ಎಂದು ನೋಡಿದರು. ಕಲ್ಲು ಕರಗಿದೆಯೇ ಎಂದು ಯಾರೂ ನೋಡಲಿಲ್ಲ.

ಹಂಪವ್ವ ನನಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. ಅಂದಿನಿಂದ ಅವಳೇ ನನ್ನ ಕಾವಲು. ಕಟ್ಟೆ ಗುಡಿಸುವಳು, ಹಿಡಿಕೆಗೆ ಎಣ್ಣೆ ಬಿಡುವಳು. ಎಮ್ಮೆ ಹತ್ತಿರ ಬಂದರೆ ಓಡಿಸುವಳು. ಮೂರನೆಯ ವಾರ ಊರಾಚೆಯ ಕೇರಿಯ ಹುಲಿಗೆವ್ವ ಕೊಡ ಹೊತ್ತು ಬಂದು, ಕಟ್ಟೆಯಿಂದ ಹತ್ತು ಹೆಜ್ಜೆ ಆಚೆ ನಿಂತಳು.

“ಯವ್ವಾ, ಒಂದು ಕೊಡ ನೀವ ಹೊಡದು ಹಾಕ್ರಿ. ಸೊಸಿ ತುಂಬಿದ ಬಸುರಿ. ಹಳ್ಳ ದೂರ ಆಗತೈತಿ.”

ಹಂಪವ್ವನ ಕೈ ಹಿಡಿಕೆಯ ಮೇಲೇ ಇತ್ತು. ಆ ಕೈ ನನ್ನನ್ನು ಒತ್ತಲು ಹೊರಟದ್ದು ನನಗೆ ತಿಳಿಯಿತು. ಆದರೆ ಸುತ್ತಲಿನ ಹೆಂಗಸರು ಅವಳ ಮುಖ ನೋಡುತ್ತಿದ್ದರು.

“ಇಲ್ಲಿಗೆ ಬರಬ್ಯಾಡ, ಹುಲಿಗಿ. ಮೈಲಿಗಿ ಆಗಿ ಗಂಗವ್ವ ಮುನಿಸಿಕೊಂಡು ಒಳಗ ಹೋದ್ಲಂದ್ರ ಮತ್ತ ಮ್ಯಾಲ ಬರಂಗಿಲ್ಲ.”

ಹುಲಿಗೆವ್ವ ಬರಿಯ ಕೊಡ ಹೊತ್ತು ಹೊರಟುಹೋದಳು. ಕೇರಿಯವರನ್ನು ಮೆಟ್ಟಿಲುಬಾವಿಗೂ ಬಿಡುತ್ತಿರಲಿಲ್ಲ. ಅವರು ಮೊದಲಿನಿಂದಲೂ ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ಒಸರುವ ವರತಿಯ ನೀರನ್ನು ಚಿಪ್ಪಿನಲ್ಲಿ ಗೋರಿ ಕೊಡ ತುಂಬುತ್ತಿದ್ದರು. ಮುಂದೆಯೂ ಹಾಗೆಯೇ ತುಂಬಿದರು. ನಾನು ಕಬ್ಬಿಣ. ಯಾರು ಒತ್ತಿದರೂ ನೀರು ಕೊಡುತ್ತಿದ್ದೆ. ಆ ಮಾತನ್ನು ಹೇಳುವ ಬಾಯಿ ನನಗಿರಲಿಲ್ಲ.

ನಾಲ್ಕೈದು ವರ್ಷಗಳಲ್ಲಿ ಊರಿನಿಂದ ನಾರುಹುಣ್ಣು ಹೋಗಿಯೇಬಿಟ್ಟಿತು. ನನ್ನ ಬದುಕಿನಲ್ಲಿ ಹೆಮ್ಮೆಪಟ್ಟ ಕಾಲ ಅದೊಂದೇ. ಆಗಲೇ ಹಂಪವ್ವನಿಗೆ ಮೊಮ್ಮಗಳು ಸಾವಂತ್ರಿ ಹುಟ್ಟಿದಳು. ಬಾಣಂತಿ ಹೊರಗೆ ಬಂದ ದಿನ ಗಂಗೆಪೂಜೆ ಬಾವಿಗೆ ಆಗಲಿಲ್ಲ, ನನಗೆ ಆಯಿತು. ಐದು ಎಲೆ, ಐದು ಅಡಿಕೆ, ಒಂದು ಕುಬಸ. ಕೂಸಿನ ತುಟಿಗೆ ನನ್ನ ನೀರಿನ ಹನಿ ಸವರಿ, “ಈಕಿ ಬಾಯಾಗ ಬ್ಯಾರೆ ನೀರು ಹಾಕಾಕ ಬಿಡಂಗಿಲ್ಲ” ಎಂದು ಹಂಪವ್ವ ಎಲ್ಲರ ಮುಂದೆ ಆಣೆ ಮಾಡಿದಳು.

ಮಾತಿಗೆ ತಪ್ಪಲಿಲ್ಲ. ಸಾವಂತ್ರಿ ಹೊಲಕ್ಕೆ ಹೋದರೆ ಬೆನ್ನಿಗೆ ನನ್ನ ನೀರು. ಮದುವೆಗೆ ಹೋದರೆ ಬಟ್ಟೆ ಬಿಗಿದ ಹಿತ್ತಾಳೆ ತಂಬಿಗೆಯಲ್ಲಿ ನನ್ನ ನೀರು. “ಬೀಗರ ಮನಿ ನೀರೂ ಸೇರಂಗಿಲ್ಲೇನು ನಿನ್ನ ಮೊಮ್ಮಗಳಿಗೆ?” ಎಂದು ಜನ ನಗುತ್ತಿದ್ದರು. ಆ ಮಗುವಿನಷ್ಟು ಪ್ರೀತಿಯಿಂದ, ಅಷ್ಟೊಂದು ನನ್ನ ನೀರನ್ನು ಬೇರೆ ಯಾರೂ ಕುಡಿಯಲಿಲ್ಲ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವು ಕಂದುಬಣ್ಣದವಾಗಿದ್ದವು. “ಏನ್ಲೇ, ಎಲಿಅಡಿಕಿ ತಿಂತೀ?” ಎಂದು ಮಕ್ಕಳು ಅಣಕಿಸಿದರು. ಅಣಕಿಸಿದವರ ಹಲ್ಲೂ ಹಾಗೆಯೇ ಇದ್ದವು, ಬಣ್ಣ ಸ್ವಲ್ಪ ಕಡಿಮೆ. ಹಂಪವ್ವ ದಿನಾ ಬೆಳಗ್ಗೆ ಅವಳನ್ನು ನನ್ನ ಕಟ್ಟೆಯ ಮೇಲೆ ಕೂರಿಸಿ, ಇದ್ದಿಲು ಉಪ್ಪು ಸೇರಿಸಿ ಒಸಡಿನಲ್ಲಿ ರಕ್ತ ಬರುವ ಹಾಗೆ ತಿಕ್ಕಿ, ನನ್ನ ನೀರಿನಲ್ಲೇ ಬಾಯಿ ತೊಳೆಸುತ್ತಿದ್ದಳು.

ಆಮೇಲೆ ಮೊಣಕಾಲುಗಳು. ಏಳನೆಯ ವರ್ಷಕ್ಕೆ ಅವು ಒಳಕ್ಕೆ ಬಾಗಿ, ನಡೆಯುವಾಗ ಒಂದಕ್ಕೊಂದು ಬಡಿಯತೊಡಗಿದವು. ಒಂದು ದಿನ ಸಾವಂತ್ರಿ ಹಿಡಿಕೆಗೆ ಜೋತುಬಿದ್ದು ಕೊಡ ತುಂಬಿಸುತ್ತಿದ್ದಳು.

“ಯಮ್ಮಾ, ನನ್ನ ಮೊಣಕಾಲು ತಮ್ಮತಮ್ಮಾಗ ಜಗಳಾಡ್ತಾವ ನೋಡು” ಎಂದು ನಕ್ಕಳು.

ಹಂಪವ್ವ ನಗಲಿಲ್ಲ. ದೃಷ್ಟಿ ತೆಗೆಸಿದಳು, ಎಣ್ಣೆ ತಿಕ್ಕಿದಳು. ಅವಳ ಕತ್ತೂ ಆಗಲೇ ಬಿಗಿಯುತ್ತಿತ್ತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ತಾಲೂಕಿನಿಂದ ಡಾಕ್ಟರಮ್ಮ ಬಂದರು. ಕಲ್ಲಿನಾಥ ಮಾಸ್ತರರು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು ತೋರಿಸಲು ಹೇಳಿದರು. ಸಾಲಿನ ಕೊನೆಯಲ್ಲಿ, ಸ್ವಲ್ಪ ಬಿಟ್ಟು ನಿಂತಿದ್ದ ಕೇರಿಯ ಏಳೆಂಟು ಮಕ್ಕಳ ಹಲ್ಲು ಮಾತ್ರ ಬೆಳ್ಳಗಿದ್ದವು. ಕಾಲುಗಳು ನೆಟ್ಟಗಿದ್ದವು.

“ನೀವು ಯಾವ ನೀರು ಕುಡೀತೀರಿ?” ಎಂದು ಡಾಕ್ಟರಮ್ಮ ಕೇಳಿದರು.

ಹುಲಿಗೆವ್ವನ ಮೊಮ್ಮಗಳು ಯಲ್ಲವ್ವ ಉತ್ತರ ಕೊಟ್ಟಳು. “ಹಳ್ಳದ ವರತಿ ನೀರ್ರಿ. ಸಾಲಿಗೂ ಅದನ್ನ ತರ್ತೀವಿ. ಬೋರಿಂಗಿಗೆ ನಮ್ಮನ್ನ ಬಿಡಂಗಿಲ್ರಿ.”

ಡಾಕ್ಟರಮ್ಮ ನನ್ನ ಬಳಿ ಬಂದು ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಬಿಟ್ಟರು. ಗುಲಾಬಿ ಬಣ್ಣ ಮೆಲ್ಲಗೆ ಹಳದಿಗೆ ತಿರುಗಿತು. ಬಂಡೆಯ ಉಪ್ಪು, ಫ್ಲೋರೈಡು, ಮೂಳೆಗೆ ಇಳಿಯುತ್ತದೆ ಎಂದು ಅವರು ವಿವರಿಸಿದರು. ಬಾಗಿದ ಕಾಲು ನೆಟ್ಟಗಾಗುವುದು ಕಷ್ಟ, ನೀರು ಬದಲಿಸಿದರೆ ಇನ್ನಷ್ಟು ಬಾಗದಂತೆ ತಡೆಯಬಹುದು ಎಂದರು. ಸಾವಂತ್ರಿಯನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ ಅವಳ ಮೊಣಕಾಲು ತೋರಿಸಿದರು. ಈ ನೀರು ಕುಡಿಯಬಾರದು ಎಂಬ ಗುರುತಿಗೆ ಆ ದಿನವೇ ನನಗೆ ಕೆಂಪು ಬಣ್ಣ ಬಳಿದರು.

ಮರುದಿನ ಬೆಳಗ್ಗೆ ಹಂಪವ್ವ ಖಾಲಿ ತಂಬಿಗೆ ಹಿಡಿದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಹಳ್ಳದ ದಾರಿಯಿಂದ ಹುಲಿಗೆವ್ವ ಕೊಡ ಹೊತ್ತು ಬಂದಳು.

“ಹುಲಿಗೆವ್ವಾ.” ಅಷ್ಟೇ ಅಂದಳು ಹಂಪವ್ವ. ತಂಬಿಗೆ ಮುಂದೆ ಚಾಚಿದಳು.

ಹುಲಿಗೆವ್ವ ನಿಂತಳು. ಹತ್ತು ಹೆಜ್ಜೆ ದೂರದಲ್ಲೇ. “ಯಾಕ್ರೀ ಯವ್ವಾ? ಇವತ್ತು ಗಂಗವ್ವ ನಮ್ಮ ಕೊಡದಾಗ ಬಂದು ಕುಂತಾಳೇನು?”

“ನನಗಲ್ಲ ಬೇ. ಈ ಕೂಸಿಗೆ.”

“ಅವತ್ತು ನಾನೂ ಕೂಸಿಗೇ ಕೇಳಿದ್ದೆ. ಹೊಟ್ಟ್ಯಾಗಿನ ಕೂಸಿಗೆ.”

ಹಂಪವ್ವನ ಕತ್ತು ಬಗ್ಗುತ್ತಿರಲಿಲ್ಲ. ತಲೆ ತಗ್ಗಿಸಲೂ ಅವಳಿಂದಾಗಲಿಲ್ಲ. ಬೈಸಿಕೊಂಡವಳ ಕಣ್ಣೀರು ಎಲ್ಲರಿಗೂ ಕಾಣುವ ಹಾಗೆ ಇಳಿಯಿತು. ಹುಲಿಗೆವ್ವ ಕಟ್ಟೆಯ ಬಳಿಗೇ ಬಂದು, ತಂಬಿಗೆಯನ್ನು ಬಿಟ್ಟು, ನೇರವಾಗಿ ಸಾವಂತ್ರಿಯ ಬೊಗಸೆಗೆ ನೀರು ಸುರಿದಳು. “ಕುಡಿ ನನ ತಾಯಿ” ಎಂದಳು. ಅಂದಿನಿಂದ ದಿನಕ್ಕೊಂದು ಕೊಡ ನನ್ನ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಹಂಪವ್ವ ಅದನ್ನು ಮೊಮ್ಮಗಳಿಗೆ ಮಾತ್ರ ಮೀಸಲಿಟ್ಟಳು. ತಾನು ನನ್ನ ನೀರನ್ನೇ ಕುಡಿದಳು.

ಊರಿನ ಉಳಿದವರೂ ನನ್ನನ್ನು ಬಿಡಲಿಲ್ಲ. ವರತಿಯಲ್ಲಿ ಒಂದು ಕೊಡ ತುಂಬಲು ಅರ್ಧ ಗಂಟೆ ಬೇಕು. ಮೂಳೆಯ ನೋವು ನಿಧಾನ, ಬಾಯಾರಿಕೆ ಬೇಗ.

ಕೆಲವು ವರ್ಷಗಳ ಮೇಲೆ ಹಳ್ಳಕ್ಕೆ ಮರಳು ತೋಡುವ ಯಂತ್ರ ಇಳಿಯಿತು. ಪಟ್ಟಣದ ಕಟ್ಟಡಗಳಿಗೆ ಮರಳು ಬೇಕಿತ್ತು. ಮರಳು ಹೋಯಿತು, ವರತಿಯೂ ಹೋಯಿತು. ಒಂದು ದಿನ ಹುಲಿಗೆವ್ವ ಖಾಲಿ ಕೊಡ ಹೊತ್ತು ನನ್ನ ಹತ್ತಿರ ಬಂದಳು. ಮೊದಲ ಸಲ ನನ್ನ ಹಿಡಿಕೆಗೆ ಕೈ ಹಾಕಿದಳು. ತಡೆಯುವವರು ಯಾರೂ ಇರಲಿಲ್ಲ. ನೆಲ ಬಿಟ್ಟು ಬೇರೇನೂ ಕಾಣದಷ್ಟು ಬಾಗಿಹೋಗಿದ್ದ ಹಂಪವ್ವ ಮಾತ್ರ ಕಟ್ಟೆಯ ಮೂಲೆಯಲ್ಲಿ ಕುಳಿತಿದ್ದಳು. ಕಾಲುಗಳನ್ನು ನೋಡಿಯೇ ಗುರುತು ಹಿಡಿದಳು.

“ಬ್ಯಾಡ ಬೇ ಹುಲಿಗೆವ್ವಾ. ಮುಟ್ಟಬ್ಯಾಡ. ನಿನಗ ಕೈ ಮುಗಿತೀನಿ.”

“ಮತ್ತೇನು ಕುಡೀಲಿ, ನೀನ ಹೇಳು.”

ಹುಲಿಗೆವ್ವ ಹಿಡಿಕೆ ಒತ್ತಿದಳು. ನಾನು ನೀರು ಕೊಟ್ಟೆ. ಇಲ್ಲ ಎನ್ನುವ ಶಕ್ತಿಯನ್ನು ನನ್ನನ್ನು ಮಾಡಿದವರು ನನ್ನಲ್ಲಿ ಇಟ್ಟಿರಲಿಲ್ಲ. ಆ ವರ್ಷವೇ ಹಂಪವ್ವ ತೀರಿಕೊಂಡಳು. ಬಾಗಿದ ಮೈಯನ್ನು ನೆಟ್ಟಗೆ ಮಲಗಿಸಲು ಆಗದೆ, ಕೂರಿಸಿಯೇ ಹೊತ್ತೊಯ್ದರು.

ಈಗ ನಾನು ಮುದುಕ. ಹಿಡಿಕೆ ತೆಗೆದುಹಾಕಿ, ಬಾಯಿಗೆ ಮರದ ಬೆಣೆ ಬಡಿದಿದ್ದಾರೆ. ನನ್ನ ಪಕ್ಕದಲ್ಲಿ ನೀರು ಶುದ್ಧ ಮಾಡುವ ಹೊಸ ಯಂತ್ರದ ಕೋಣೆ ಎದ್ದಿದೆ. ಅದನ್ನು ತೆರೆದ ದಿನ ಹೂವಿನ ಹಾರ, ಕಾಯಿ, ಕುಂಕುಮ ಎಲ್ಲ ಇತ್ತು. ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಸಾವಂತ್ರಿ ಕೋಲೂರಿಕೊಂಡು ಬಂದಿದ್ದಳು. ಪಕ್ಕದಲ್ಲಿ ಯಲ್ಲವ್ವ ಇದ್ದಳು, ಕೈ ಹಿಡಿದುಕೊಂಡು ಅವಳ ಮಗ. ಅವನ ಮುಂದಿನ ಹೊಸ ಹಲ್ಲಿನ ಮೇಲೆ ಒಂದು ಕಂದು ಗೆರೆ.

ಯಂತ್ರ ಕೂರಿಸಿದ ಇಂಜಿನಿಯರರು ಮೊದಲ ಲೋಟ ನೀರನ್ನು ಸಾವಂತ್ರಿಗೆ ಕೊಟ್ಟರು. ಅವಳು ಅದನ್ನು ಬಿಸಿಲಿಗೆ ಎತ್ತಿ ನೋಡಿದಳು. ಕುಡಿಯಲಿಲ್ಲ.

“ಸಾಹೇಬ್ರ, ಇದರಾಗಿನ ಕಲ್ಲಿನ ಉಪ್ಪು ತಗದೀವಿ ಅಂತೀರಿ. ತಗದದ್ದು ಎಲ್ಲಿಗೆ ಹೋತು?”

“ಅದು ವೇಸ್ಟ್ ನೀರಮ್ಮ. ಹೊರಗೆ ಹೋಗುತ್ತೆ.”

“ಹೊರಗ ಅಂದ್ರ ಎಲ್ಲಿ?”

“ಹೇಳ್ರಿ ಸಾಹೇಬ್ರ” ಎಂದಳು ಯಲ್ಲವ್ವ. “ಆಕಿ ಸುಮ್ಮನ ಕೇಳಂಗಿಲ್ಲ.”

ಅವರು ಗೋಡೆಯ ಹಿಂದಿನ ಕೊಳವೆಯನ್ನು ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಅದರ ನೀರು ನನ್ನ ಒಡೆದ ಕಟ್ಟೆಯ ಮೇಲೆ ಬೀಳುತ್ತಿತ್ತು. ಬಿರುಕಿನೊಳಗೆ ಇಳಿದು, ನಾನು ಎತ್ತಿ ತಂದ ದಾರಿಯಲ್ಲೇ ಮೊದಲಿಗಿಂತ ಹೆಚ್ಚು ಉಪ್ಪು ಹೊತ್ತು ಕೆಳಕ್ಕೆ ಹೋಗುತ್ತಿತ್ತು. ಒಂದು ಎಳೆಯ ಕರು ಅದನ್ನು ನೆಕ್ಕುತ್ತ ನಿಂತಿತ್ತು.

ಇಂಜಿನಿಯರರು ಬರೆದುಕೊಳ್ಳುತ್ತೇನೆ ಎಂದರು. ನನ್ನನ್ನು ನೆಟ್ಟ ದಿನವೂ ಹೀಗೆಯೇ ಹೂವು, ಕಾಯಿ, ಸಂತೋಷ ಎಲ್ಲ ಇತ್ತು. ಈ ಪ್ರಶ್ನೆಯೊಂದು ಇರಲಿಲ್ಲ.

ಕೊಳವೆ ಈಗಲೂ ಅಲ್ಲೇ ಸುರಿಯುತ್ತದೆ. ದಿನಾ ಬೆಳಗ್ಗೆ ಸಾವಂತ್ರಿ ಅಂಗನವಾಡಿಗೆ ಹೋಗುವಾಗ ನನ್ನ ಹತ್ತಿರ ನಿಲ್ಲುತ್ತಾಳೆ. ಒಂದಕ್ಕೊಂದು ಬಡಿಯುವ ಮೊಣಕಾಲುಗಳನ್ನು ಸಾವರಿಸಿಕೊಂಡು, ಕರುವಿನ ಕೊರಳಿಗೆ ಕೈ ಹಾಕಿ, ಮೆಲ್ಲಗೆ ಅದರ ಮುಖವನ್ನು ಆಚೆ ತಿರುಗಿಸುತ್ತಾಳೆ.