ಒಳಕ್ಕೆ ತೆರೆಯುವ ಬಾಗಿಲು

"ಎಡಕ್ಕೆ ತಿರುಗಿಸ್ರಿ, ಎಡಕ್ಕೆ! ಗೋಡೆಗೆ ತಾಗುತ್ತೆ!"

ಚಿಕ್ಕಪ್ಪ ಕೂಗುತ್ತಲೇ ಇದ್ದ. ಕಪ್ಪು ಕೋಟು ತೊಟ್ಟ ನಾಲ್ವರು ಹಳೆಯ ಕೆಂಪು ಕಾರನ್ನು ಶೆಡ್ಡಿನಿಂದ ಬೀದಿಗೆ ತಳ್ಳುತ್ತಿದ್ದರು. ಸಾವಿನ ಮನೆಯಲ್ಲಿ ಎಂಜಿನ್ ಸದ್ದು ಬೇಡವೆಂದು ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಮನೆ ಇದ್ದದ್ದು ಶೆಡ್ಡಿನ ಹಿಂದೆ. ಕಾರು ಹೊರಗೆ ಹೋಗದೆ ಗಾಡಿ ರಿಪೇರಿಯ ಮೇಸ್ತ್ರಿಯ ಶವಪೆಟ್ಟಿಗೆ ಹೊರಗೆ ಬರುವಂತಿರಲಿಲ್ಲ.

"ಇದ್ದಾಗಲೂ ನಮ್ಮಣ್ಣನಿಗೆ ಈ ಕಾರೇ ಅಡ್ಡ, ಹೋದ ಮೇಲೂ ಇದೇ ಅಡ್ಡ," ಎಂದಳು ಸೋದರತ್ತೆ. ತಳ್ಳುತ್ತಿದ್ದವರಲ್ಲಿ ಒಬ್ಬ ನಕ್ಕು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ.

ಮೇಸ್ತ್ರಿಯ ಮಗಳು ನೀರಿನ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾರಿನ ಒಡೆಯರಾದ ಹಲ್ಲು ಡಾಕ್ಟರು ಕರವಸ್ತ್ರದಿಂದ ಬಾನೆಟ್ಟಿನ ಮೇಲಿದ್ದ ಬೆರಳ ಗುರುತುಗಳನ್ನು ಒರೆಸುತ್ತಿದ್ದರು.

"ಮಣ್ಣು ಮುಗಿಸ್ಕೊಂಡು ಅಲ್ಲಿಂದಲೇ ಗುಡ್ಡದ ರಸ್ತೆ ಹಿಡೀತೀನಿ," ಎಂದರು ಅವರು. "ರೇಸಿನ ಗೆಳೆಯರೆಲ್ಲ ಆ ದೊಡ್ಡ ಬಲತಿರುವಿನಲ್ಲಿ ನಿಂತಿರ್ತಾರೆ. ವೇಗ ಒಂಚೂರೂ ಕಡಿಮೆ ಮಾಡದೆ ದಾಟ್ತೀನಿ. ಮೇಸ್ತ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇದೆಯಾ?"

"ಧೈರ್ಯವಾಗಿ ಹೋಗಿ ಸಾರ್," ಎಂದ ಚಿಕ್ಕಪ್ಪ. "ಅಣ್ಣ ಆಸ್ಪತ್ರೆ ಸೇರಿದ ಮೇಲೆ ಎಂಜಿನ್ ತಳದ ಎಣ್ಣೆತೊಟ್ಟಿ ಮುಚ್ಚಿದ್ದು ನಾನೇ. ಒಳಗಿನ ಪುಟ್ಟ ಬಾಗಿಲುಗಳನ್ನ ಅವನು ಒಳಮುಖ ಹಾಕಿಟ್ಟಿದ್ದ. ಪಾಪ, ಹುಷಾರಿರ್ಲಿಲ್ಲವಲ್ಲ. ಬಿಚ್ಚಿ ಹೊರಮುಖ ಹಾಕ್ದೆ. ಬಾಗಿಲು ಅಂದ್ಮೇಲೆ ಹೊರಕ್ಕೆ ತೆರೀಬೇಕು ತಾನೇ? ನಾಳೆ ಬೆಂಕಿ ಬಿದ್ರೆ ಓಡೋದು ಹೇಗೆ?"

ಎಲ್ಲರೂ ತಲೆಯಾಡಿಸಿದರು. ಮಗಳು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ನಾಲ್ಕೂನಾ, ಚಿಕ್ಕಪ್ಪ?"

"ನಾಲ್ಕೂ ಕಣೇ. ಅರ್ಧ ಕೆಲಸ ಮಾಡೋನಲ್ಲ ನಾನು."

*

ಅವಳು ಶಾಲೆ ಬಿಟ್ಟಾಗ ಹದಿನಾಲ್ಕು ವರ್ಷ. ಎದ್ದು ನಿಂತು ಓದು ಎಂದರೆ ನಾಲಗೆ ಏಳುತ್ತಿರಲಿಲ್ಲ. ಅಪ್ಪ ಬೈಯಲಿಲ್ಲ. "ಮಾತು ಬೇಡದ ಕೆಲಸ ನನ್ನ ಹತ್ರ ಇದೆ, ಬಾ," ಎಂದು ಶೆಡ್ಡಿಗೆ ಕರೆದುಕೊಂಡು ಹೋಗಿದ್ದ.

ಡಾಕ್ಟರ ಕಾರಿನ ಮೊದಲ ಎಂಜಿನ್ ಆ ವರ್ಷವೇ ಸುಟ್ಟಿತ್ತು. ಅಡುಗೆಮನೆಯ ಅಗಲವಾದ ತಟ್ಟೆಗೆ ನೀರು ಹಾಕಿ, ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಪ್ಪ ಅಂಗಳದಲ್ಲಿ ಓಡಿ ಗಕ್ಕನೆ ಬಲಕ್ಕೆ ತಿರುಗಿದ. ನೀರೆಲ್ಲ ಎಡಕ್ಕೆ ನುಗ್ಗಿ ಅವನ ಅಂಗಿಯ ಮೇಲೆ ಬಿತ್ತು.

"ನೋಡ್ದಾ? ಎಂಜಿನ್ ತಳದಲ್ಲಿ ಎಣ್ಣೆ ಹೀಗೇ ಓಡುತ್ತೆ. ಎಣ್ಣೆ ಹೀರೋ ಕೊಳವೆ ನಡುವೆ ಇದೆ. ತಿರುವು ಮುಗಿಯೋವರೆಗೆ ಅದು ಬರೀ ಗಾಳಿ ಕುಡಿಯುತ್ತೆ. ಬೇರಿಂಗ್ ಸುಟ್ಟುಹೋಗೋಕೆ ಮೂರು ಸೆಕೆಂಡು ಸಾಕು."

ಅವಳಿಗೆ ಅರ್ಥವಾಯಿತು. ಮಿಕ್ಕ ಯಾರಿಗೂ ಆಗಲಿಲ್ಲ. ಪಂಪು ಚಿಕ್ಕದೆಂದು ಚಿಕ್ಕಪ್ಪ ದೊಡ್ಡ ಪಂಪು ತಂದು ಹಾಕಿದ. ಅದು ತೊಟ್ಟಿಯನ್ನು ಇನ್ನೂ ಬೇಗ ಬರಿದು ಮಾಡಿತು. ಎರಡನೆಯ ಎಂಜಿನ್ ಹೋಯಿತು. ಎಣ್ಣೆ ಸಾಲದೆಂದು ಡಾಕ್ಟರೇ ಎರಡು ಲೀಟರ್ ಹೆಚ್ಚಿಗೆ ಸುರಿದರು. ಎಂಜಿನ್ ಅದನ್ನು ಕಡೆದು ನೊರೆ ಮಾಡಿತು, ಮೂರನೆಯದೂ ಹೋಯಿತು. ಪ್ರತಿಸಲವೂ ಊರಿನ ಮಾತು ಒಂದೇ: ಮೇಸ್ತ್ರಿಯ ಕೈ ಸರಿಯಿಲ್ಲ.

"ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು," ಎಂದು ಅಪ್ಪ ಸ್ಪ್ಯಾನರ್ ಎಸೆಯುತ್ತಿದ್ದ. ಮತ್ತೆ ತಾನೇ ಹೋಗಿ ಹೆಕ್ಕಿಕೊಂಡು ಬರುತ್ತಿದ್ದ.

ಕೊನೆಗೆ ಕೊಳವೆಯ ಬಾಯಿಯ ಸುತ್ತ ಒಂದು ತಗಡಿನ ಪೆಟ್ಟಿಗೆ ಕಟ್ಟಿದ. ಅದರ ನಾಲ್ಕು ಗೋಡೆಗೂ ಒಂದೊಂದು ಪುಟ್ಟ ಬಾಗಿಲು, ಒಳಕ್ಕೆ ಮಾತ್ರ ತೆರೆಯುವಂಥದು. ಎಣ್ಣೆ ಒಳಗೆ ಬರಬಹುದು. ತಿರುವಿನಲ್ಲಿ ಹೊರಗೆ ಓಡಲು ಹೋದರೆ ಅದರ ಭಾರಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಸರಿಯಾದ ಒಂದು ಪೆಟ್ಟಿಗೆಗಾಗಿ ಆರನ್ನು ಹಾಳು ಮಾಡಿದ. ಪರೀಕ್ಷೆಗೆಂದು ಡಾಕ್ಟರ ಪಕ್ಕ ಕೂತು ಎಷ್ಟೋ ಸಲ ಗುಡ್ಡ ಹತ್ತಿದ. ಅವನ ಕಣ್ಣು ಯಾವಾಗಲೂ ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ. ತಿರುವಿನ ಆಚೆ ಊರೆಲ್ಲ ಕಾಣುತ್ತದೆ ಎಂದು ಯಾರೋ ಹೇಳಿದರೆ, "ಹೌದಾ?" ಎಂದಿದ್ದ.

*

ಅವಳು ಲೋಟಗಳನ್ನು ಕೆಳಗಿಟ್ಟು ಡಾಕ್ಟರ ಬಳಿ ಹೋದಳು.

"ಸಾರ್, ಇವತ್ತು ಆ ತಿರುವು ಬೇಡ. ಬಾಗಿಲು ಉಲ್ಟಾ ಇವೆ."

"ಏನಮ್ಮಾ? ಸ್ವಲ್ಪ ಜೋರಾಗಿ."

"ಎಣ್ಣೆ ಹೊರಗೆ ಹೋಗುತ್ತೆ, ವಾಪಸ್ ಬರಲ್ಲ."

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. "ಅಪ್ಪ ಹೋದ ದಿನ ಎಂಜಿನ್ ಚಿಂತೆ ನಿನಗ್ಯಾಕೆ? ಚಿಕ್ಕಪ್ಪ ನೋಡ್ಕೊಂಡಿದ್ದಾನೆ. ಹೋಗು, ಅಮ್ಮನ ಹತ್ರ ಕೂತ್ಕೋ."

ಚಿಕ್ಕಪ್ಪ ಸಿಡುಕಿದ. "ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬೇಡ. ನಿಮ್ಮಪ್ಪ ಹೇಳಿಕೊಟ್ಟದ್ದನ್ನ ಗಿಣಿ ಥರ ಒಪ್ಪಿಸ್ತೀಯಾ."

ಅಮ್ಮ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಗಳು ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು ಅಂದಳು:

"ಮದುವೆಯಾದ ಹೊಸತರಲ್ಲಿ ನನ್ನ ತೊಡೆ ಮೇಲೆ ಎಣ್ಣೆ ಬೋಗುಣಿ ಇಟ್ಟು ಯಾರದೋ ಕಾರು ತಿರುಗಿಸಿದ್ರು, ಹೇಗೆ ತುಳುಕುತ್ತೆ ನೋಡೋಕೆ. ನನಗಿದ್ದೊಂದು ಒಳ್ಳೆ ಬಟ್ಟೆ ಹಾಳಾಯ್ತು. ಏನ್ ಹೇಳಿದ್ರು ಗೊತ್ತಾ? 'ಅಯ್ಯೋ, ನೀನು ಅಲ್ಲಾಡಿಬಿಟ್ಟೆ, ಇನ್ನೊಂದ್ಸಲ ಕೂತ್ಕೋ' ಅಂದ್ರು." ಅವಳು ನಗಲು ಹೋಗಿ ಮೂಗು ಒರೆಸಿಕೊಂಡಳು. "ಅವರ ಮಾತನ್ನೇ ಯಾರೂ ಕೇಳ್ಲಿಲ್ಲ, ಮಗಾ. ನಿನ್ನ ಮಾತು ಯಾರು ಕೇಳ್ತಾರೆ?"

"ಎಂಜಿನ್ ಸುಟ್ರೆ ಅಪ್ಪ ಮಾಡಿದ ತಗಡಿನ ಪೆಟ್ಟಿಗೆ ಕೆಟ್ಟದ್ದು ಅಂತಾರಮ್ಮ. ಅಷ್ಟೂ ಜನ ನೋಡ್ತಾ ಇರ್ತಾರೆ."



*

ಆಸ್ಪತ್ರೆಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ನಾನು ಬರೋವರೆಗೂ ತೊಟ್ಟಿ ಮುಚ್ಚಬೇಡ ಅಂತ ನಿನ್ನ ಚಿಕ್ಕಪ್ಪನಿಗೆ ಹೇಳು."

ಅವಳು ಹೇಳಿದ್ದಳು. ಚಿಕ್ಕಪ್ಪ ಕಬ್ಬಿಣ ಉಜ್ಜುವ ಯಂತ್ರ ಹಿಡಿದಿದ್ದ, ಕಿಡಿಗಳು ಹಾರುತ್ತಿದ್ದವು. ಅವನು ತಲೆಯಾಡಿಸಿದ. ಕೇಳಿಸಿ ಆಡಿಸಿದನೋ, ಕೆಲಸದ ಲಯಕ್ಕೆ ಆಡಿಸಿದನೋ ಅವಳಿಗೆ ತಿಳಿಯಲಿಲ್ಲ. ಯಂತ್ರ ನಿಲ್ಲಲಿ, ಇನ್ನೊಮ್ಮೆ ಹೇಳೋಣ ಎಂದುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಯಂತ್ರ ನಿಲ್ಲಲಿಲ್ಲ. ಅವಳು ಮನೆಯೊಳಗೆ ಹೋದಳು. ಸಂಜೆ ಅಪ್ಪ ಕೇಳಿದಾಗ, "ಹೇಳ್ದೆ," ಎಂದಳು. ಅಪ್ಪ ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡಿದ್ದ.

*

"ಹೊತ್ತಾಯ್ತು, ಎತ್ರಪ್ಪಾ," ಎಂದ ಚಿಕ್ಕಪ್ಪ. ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು.

"ಹುಡುಗಿ ಎಲ್ಲಿ?" ಎಂದಳು ಸೋದರತ್ತೆ. "ಇಂಥ ಹೊತ್ತಿನಲ್ಲೂ ಬಚ್ಚಿಟ್ಟುಕೊಂಡಳಾ?"

ಪೆಟ್ಟಿಗೆ ಶೆಡ್ಡಿನ ಬಾಗಿಲವರೆಗೆ ಬಂದು ನಿಂತುಬಿಟ್ಟಿತು. ಹೊರಗೆ, ಹೊಸಿಲಿಗೆ ಹತ್ತಿರವೇ, ಕೆಂಪು ಕಾರು ಜ್ಯಾಕಿನ ಮೇಲೆ ಮೂತಿ ಎತ್ತಿ ನಿಂತಿತ್ತು. ಅದರಡಿಯಿಂದ ಕಪ್ಪು ಬೂಟು ತೊಟ್ಟ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಹೊಸ ಎಣ್ಣೆ, ಜೇನುತುಪ್ಪದ ಬಣ್ಣದ್ದು, ಹೊಸಿಲಿನುದ್ದಕ್ಕೂ ಹರಡಿ ಬೀದಿಗೆ ಇಳಿಯುತ್ತಿತ್ತು.

"ನನ್ನ ಕಾರು!" ಎಂದರು ಡಾಕ್ಟರು.

"ತಲೆ ಕೆಟ್ಟಿದೆಯೇನೇ? ಹೊರಗೆ ಬಾ!" ಚಿಕ್ಕಪ್ಪ ಪೆಟ್ಟಿಗೆಯ ಮುಂದಿನ ಮೂಲೆ ಹೊತ್ತಿದ್ದರಿಂದ ಬಗ್ಗುವಂತಿರಲಿಲ್ಲ, ಗಾಳಿಗೆ ಬೈಯುತ್ತಿದ್ದ.

ಕಾರಿನಡಿಯಿಂದ ಬೋಲ್ಟೊಂದು ಕಲ್ಲಿನ ಮೇಲೆ ಬಿದ್ದ ಸದ್ದು ಬಂತು. ಇನ್ನೊಂದು.

"ಜಾರುತ್ತೆ, ದಾಟೋಕಾಗಲ್ಲ," ಎಂದ ಹೊತ್ತವರಲ್ಲೊಬ್ಬ. "ಹೆಗಲು ಬಿದ್ದುಹೋಗ್ತಿದೆ."

"ಇಳಿಸಿ," ಎಂದಳು ಹಿಂದೆ ಬರುತ್ತಿದ್ದ ಅಮ್ಮ.

"ಎಲ್ಲಿ ಅತ್ತಿಗೆ? ನೆಲದ ಮೇಲಾ?"

ಅಮ್ಮ ಶೆಡ್ಡಿನ ಒಳಗೋಡೆಗೆ ಆನಿಸಿದ್ದ ಕೆಲಸದ ಮೇಜಿನತ್ತ ನಡೆದು, ಅದರ ಮೇಲಿದ್ದ ಅರಗಳನ್ನೂ ತಂತಿಗಳನ್ನೂ ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿದಳು. ಆರು ಜನ ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿ, ಹೆಗಲು ತಿಕ್ಕಿಕೊಳ್ಳುತ್ತಾ ನಿಂತರು.

ಕಾರಿನಡಿಯಿಂದ ಎಣ್ಣೆ ಮೆತ್ತಿದ ಕೈಯೊಂದು ಹೊರಗೆ ಬಂತು. "ಹದಿಮೂರರ ಸ್ಪ್ಯಾನರ್."

ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಡಾಕ್ಟರು ಮೇಜಿನ ಬಳಿ ಹೋಗಿ ಸಿಕ್ಕಿದ್ದೊಂದನ್ನು ತಂದು, ಪ್ಯಾಂಟಿನ ಮಂಡಿಗೆ ಎಣ್ಣೆ ತಾಗದಂತೆ ಬಗ್ಗಿ, ಆ ಕೈಯಲ್ಲಿಟ್ಟರು. ಕೈ ಒಳಗೆ ಹೋಯಿತು.

ಒಂದು ಗಳಿಗೆಯಲ್ಲಿ, ಅಳತೆ ತಪ್ಪಿದ ಆ ಸ್ಪ್ಯಾನರ್ ಕಲ್ಲಿನ ಮೇಲೆ ಜಾರುತ್ತಾ ಹೊರಗೆ ಬಂದು ಚಿಕ್ಕಪ್ಪನ ಬೂಟಿಗೆ ತಾಗಿ ನಿಂತಿತು. ಅದರ ಹಿಂದೆಯೇ ಕೈಯೂ ಬಂದು, ಅಂಗೈ ಮೇಲಾಗಿ, ತೆರೆದುಕೊಂಡಿತು.